ಉದ್ಯೋಗದ ಕರಾರೂ ಉದ್ಯೋಗಿಯ ಸ್ವಾತಂತ್ರ್ಯವೂ

ಒಬ್ಬನು ಒಂದು ಸಂಸ್ಥೆಯ ಸೇವೆಯನ್ನು ಬಿಟ್ಟ ಮೇಲೆ ಇಂತಿಷ್ಟು ಕಾಲದವರೆಗೆ, ಇಂತಿಷ್ಟು ಪ್ರದೇಶದೊಳಗೆ, ಅದೇ ಬಗೆಯ ಉದ್ಯೋಗವನ್ನು ಬೇರೆಯವರಲ್ಲಿ ಮಾಡತಕ್ಕದ್ದಲ್ಲ, ಸ್ವತಂತ್ರವಾಗಿಯೂ ನಡೆಸತಕ್ಕದ್ದಲ್ಲ ಎಂದು ಮೊದಲೇ ಬರೆಯಿಸಿಕೊಳ್ಳುವ ಒಪ್ಪಂದವನ್ನು ಸ್ಪರ್ಧಾನಿಷೇಧದ ಕರಾರು ಎನ್ನಬಹುದು. ಇಂದು ಚೆನ್ನೈಯ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಸೇರುವ ತರುಣರು ರುಜು ಹಾಕುವ ನೇಮಕಪತ್ರಗಳಲ್ಲಿ ಇಂತಹ ಷರತ್ತು ಅಪರೂಪವಲ್ಲ. ಆದರೆ ಇದನ್ನು ಹೊಸ ಕಾಲದ ಸೃಷ್ಟಿಯೆಂದು ತಿಳಿಯಲಾಗದು. ಇದೇ ಊರಿನ ನ್ಯಾಯಸ್ಥಾನದಲ್ಲಿ ಇದರ ವಿಚಾರಣೆ ನಡೆದು ಸುಮಾರು ಒಂದೂವರೆ ಶತಮಾನವಾಯಿತು.

1876ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಮುಂದೆ ಬಂದ ಆ ಮೊಕದ್ದಮೆಯಲ್ಲಿ ಓಕ್ಸ್ ಕಂಪೆನಿಯು ವಾದಿ. ಅದರ ಸೇವೆಯಲ್ಲಿದ್ದ ಜಾಕ್ಸನ್ ಎಂಬವರು ಪ್ರತಿವಾದಿ. ಸೇವೆಯನ್ನು ಬಿಟ್ಟ ಬಳಿಕ ಮದರಾಸಿನಿಂದ 800 ಮೈಲಿಗಳೊಳಗೆ ಅಂತಹದೇ ವ್ಯಾಪಾರದಲ್ಲಿ ತೊಡಗಕೂಡದೆಂಬುದು ಕರಾರು. ಬೆಂಗಳೂರು, ಮಂಗಳೂರು, ಹೈದರಾಬಾದುಗಳಿರಲಿ, ಮುಂಬಯಿಯೂ ಈ ಎಲ್ಲೆಯೊಳಗೇ ಬರುತ್ತದೆ. ನ್ಯಾಯಾಲಯವು ಆ ಕರಾರು ಅಸಿಂಧುವೆಂದು ತೀರ್ಮಾನಿಸಿತು.

ಈ ತೀರ್ಮಾನಕ್ಕೆ ಆಧಾರವಾದುದು 1872ರ ಭಾರತೀಯ ಕರಾರು ಶಾಸನದ 27ನೆಯ ಕಲಮು. ಯಾವನನ್ನೇ ಆಗಲಿ ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ ಅಥವಾ ಉದ್ಯಮವನ್ನು ನಡೆಸದಂತೆ ತಡೆಯುವ ಒಪ್ಪಂದವು ಆ ಮಟ್ಟಿಗೆ ಶೂನ್ಯವೆಂಬುದು ಅದರ ತಾತ್ಪರ್ಯ. ತನ್ನ ವ್ಯಾಪಾರವನ್ನು ಅದರ ಹೆಸರುವಾಸಿಯೊಡನೆ ಮಾರಿದವನು ಕೊಂಡವನಿಗೆ ಎದುರಾಗಿ ಯುಕ್ತವಾದ ಎಲ್ಲೆಯೊಳಗೆ ಅಂಗಡಿಯಿಡಬಾರದೆಂಬ ಕರಾರಿಗೆ ಮಾತ್ರ ಅಲ್ಲಿ ವಿನಾಯಿತಿಯುಂಟು. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ನಿರ್ಬಂಧವು ಯುಕ್ತವೋ ಅಯುಕ್ತವೋ ಎಂದು ತೂಗಿ ನೋಡುವ ಪದ್ಧತಿಯಿದೆ. ನಮ್ಮ ಶಾಸನವು ಆ ತಕ್ಕಡಿಯನ್ನು ಹಿಡಿಯಲಿಲ್ಲ. 1874ರಲ್ಲಿ ಕಲ್ಕತ್ತೆಯ ಇಬ್ಬರು ಕಂಚುಗಾರರ ವ್ಯಾಜ್ಯದಲ್ಲಿ, ಒಂದು ಮೊಹಲ್ಲೆಗೆ ಮಾತ್ರ ಸೀಮಿತವಾದ ನಿರ್ಬಂಧವೂ ಶೂನ್ಯವೇ ಎಂದು ಅಲ್ಲಿಯ ಉಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಇದರಿಂದ, ಹಣದ ಆಸೆಗೆ ಅಂಗಡಿಯನ್ನು ಮುಚ್ಚಿದ್ದ ವಾದಿಗೆ ಹಣವೂ ದೊರೆಯಲಿಲ್ಲ.

ಸೇವೆಯಲ್ಲಿರುವ ಕಾಲದ ನಿರ್ಬಂಧವು ಬೇರೆ, ಸೇವೆ ಮುಗಿದ ಮೇಲಣ ನಿರ್ಬಂಧವು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಐದು ವರ್ಷದ ಕರಾರಿನ ಮೇಲೆ ಸೇರಿ, ಟಯರಿನ ನೂಲನ್ನು ತಯಾರಿಸುವ ವಿದ್ಯೆಯನ್ನು ಕಲಿತು, ನಡುವೆಯೇ ಪ್ರತಿಸ್ಪರ್ಧಿ ಕಾರ್ಖಾನೆಗೆ ಹೋದವನನ್ನು ಕರಾರಿನ ಅವಧಿ ಮುಗಿಯುವವರೆಗೆ ತಡೆಯಬಹುದೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆಂಚುರಿ ಸಂಸ್ಥೆಯ ಮೊಕದ್ದಮೆಯಲ್ಲಿ ಹೇಳಿತು. ಒಬ್ಬನ ಸಂಬಳವನ್ನು ಪಡೆಯುತ್ತ ಇನ್ನೊಬ್ಬನ ಕೆಲಸ ಮಾಡುವುದು ಸಲ್ಲದೆಂಬುದು ಲೋಕನ್ಯಾಯವೂ ಹೌದು. ಸೇವೆ ಮುಗಿದ ಮೇಲೆ ಮಾತ್ರ ಕಲಿತ ವಿದ್ಯೆಯು ಕಲಿತವನದೇ. ಗುಟ್ಟಾಗಿಡಬೇಕಾದ ಸೂತ್ರ, ಗಿರಾಕಿಗಳ ಪಟ್ಟಿ ಮುಂತಾದುವು ಧಣಿಯ ಸ್ವತ್ತು. ಈ ಸ್ವತ್ತಿನ ರಕ್ಷಣೆಗೆ ನ್ಯಾಯಾಲಯದ ಬಾಗಿಲು ಧಣಿಗೆ ತೆರೆದೇ ಇದೆ.

ಧಣಿಗಳ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ತರಬೇತಿಗೆ ಖರ್ಚು ಮಾಡಿದವನು ಒಬ್ಬ, ಫಲವನ್ನು ಉಣ್ಣುವವನು ಮತ್ತೊಬ್ಬ ಎಂದಾದರೆ ತರಬೇತಿ ಕೊಡುವವರಾರು? ಆದರೆ ಎದುರಿನ ತಟ್ಟೆಯಲ್ಲಿರುವುದೂ ಕಡಮೆಯದಲ್ಲ. ಬೇರೆಡೆಗೆ ಹೋಗುವ ದಾರಿ ಮುಚ್ಚಿದ ನೌಕರನು ಹೆಚ್ಚಿನ ಸಂಬಳವನ್ನು ಕೇಳಲಾರನು. ಅಮೆರಿಕೆಯ ಆರೆಗಾನ್ ಸಂಸ್ಥಾನವು 2008ರಲ್ಲಿ ಗಂಟೆಗೂಲಿಯವರಿಗೆ ಈ ಕರಾರನ್ನು ನಿಷೇಧಿಸಿದಾಗ ಅವರ ಕೂಲಿ ಸರಾಸರಿ ನೂರಕ್ಕೆ 2ರಿಂದ 3ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆ ದೇಶದಲ್ಲಿ ಐವರು ನೌಕರರಲ್ಲಿ ಒಬ್ಬನು, ಅಂದರೆ ಸುಮಾರು 3 ಕೋಟಿ ಜನ, ಇಂತಹ ಕರಾರಿಗೆ ಒಳಪಟ್ಟವರೆಂದು ಅಲ್ಲಿಯ ವ್ಯಾಪಾರ ಆಯೋಗವು ಅಂದಾಜು ಮಾಡಿತ್ತು. 2024ರಲ್ಲಿ ಅದು ಹೊರಡಿಸಿದ ನಿಷೇಧವನ್ನು ಅದೇ ವರ್ಷ ಟೆಕ್ಸಾಸಿನ ನ್ಯಾಯಾಲಯವೊಂದು ರದ್ದುಗೊಳಿಸಿತು. ನಮ್ಮ ಶಾಸನದ ವರ್ಷವಾದ 1872ರಲ್ಲಿಯೇ ಅಂತಹ ನಿಯಮವನ್ನು ಮಾಡಿಕೊಂಡ ಕ್ಯಾಲಿಫೋರ್ನಿಯವು ಇಂದಿಗೂ ಅದನ್ನು ಉಳಿಸಿಕೊಂಡಿದೆ.

ಹೊಸ ಉದ್ಯಮಗಳು ಹುಟ್ಟುವುದೂ ಬಹುಮಟ್ಟಿಗೆ ಹಳೆಯ ಉದ್ಯಮಗಳ ನೌಕರರಿಂದಲೇ. ಚೆನ್ನೈಯ ಕನ್ನಡಿಗರಿಗೆ ಇದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಬಂದು, ಇತರರ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಮುಂದೆ ಮೌಂಟ್ ರಸ್ತೆಯ ಉಡುಪಿ ಶ್ರೀ ಕೃಷ್ಣ ವಿಲಾಸವನ್ನೂ 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸನ್ನೂ ಸ್ಥಾಪಿಸಿದ ಕೆ. ಕೃಷ್ಣರಾಯರ ಜೀವನವು ಕಣ್ಣ ಮುಂದಿದೆ. ಲೋಟ ತೊಳೆಯುವ ಹುಡುಗನು ಮಾಣಿಯಾಗಿ, ಭಟ್ಟನಾಗಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುದೇ ಉಡುಪಿ ಹೋಟೆಲುಗಳ ಇತಿಹಾಸ. 800 ಮೈಲಿಯ ಕರಾರು ಊರ್ಜಿತವಾಗಿದ್ದರೆ ಅಂತಹವರ ಮುಂದೆ ಇದ್ದ ದಾರಿ ಯಾವುದು?

ಶೂನ್ಯವಾದ ಕರಾರಿನ ಸ್ಥಾನಕ್ಕೆ ಈಗ ಬಂದಿರುವುದು ಮುಚ್ಚಳಿಕೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷ ತುಂಬುವ ಮೊದಲು ಸೇವೆಯನ್ನು ಬಿಡುವ ಅಧಿಕಾರಿಯು 2 ಲಕ್ಷ ರೂಪಾಯಿ ತೆರಬೇಕೆಂದು ಕರಾರು ಮಾಡಿಕೊಂಡಿತ್ತು. 2009ರಲ್ಲಿ ರಾಜೀನಾಮೆಯಿತ್ತ ಅಧಿಕಾರಿಯೊಬ್ಬರು ಹಣವನ್ನು ತೆತ್ತು ದಾವೆ ಹೂಡಿದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತರೂ, 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಪಕ್ಷವನ್ನು ಎತ್ತಿಹಿಡಿಯಿತು. ಈ ಷರತ್ತು ಮುಂದಿನ ಉದ್ಯೋಗವನ್ನು ತಡೆಯುವುದಿಲ್ಲ. ಸಾರ್ವಜನಿಕ ಬ್ಯಾಂಕು ಪುನಃ ನೇಮಕ ನಡೆಸುವ ವೆಚ್ಚ ದೊಡ್ಡದು. ಹಿರಿಯ ಅಧಿಕಾರಿಯ ಸಂಬಳದ ಮುಂದೆ ಈ ಮೊತ್ತ ಅತಿಯಲ್ಲ ಎಂಬುವು ಅದರ ಕಾರಣಗಳು. ಸಿದ್ಧಪಡಿಸಿದ ನಮೂನೆಗೆ ರುಜು ಹಾಕುವ ನೌಕರನ ಕೈ ದುರ್ಬಲವೆಂಬುದನ್ನೂ ನ್ಯಾಯಾಲಯವು ಮರೆಯಲಿಲ್ಲ.

ಆದುದರಿಂದ ಈ ತೀರ್ಪನ್ನು ಅಲ್ಪ ಸಂಬಳದ ಹೊಸಬನ ಮೇಲೆ ಹೇರುವ ಭಾರಿ ಮುಚ್ಚಳಿಕೆಗೆ ಅಪ್ಪಣೆಯೆಂದು ಭಾವಿಸಬಾರದು. ಮೊತ್ತವು ನಷ್ಟಕ್ಕೆ ತಕ್ಕಷ್ಟಿರಬೇಕೆಂಬ ನಿಯಮವು ಅದೇ ಶಾಸನದ 74ನೆಯ ಕಲಮಿನಲ್ಲಿದೆ. ಆದರೆ ಶಾಸನವನ್ನು ಅರಿಯದ ತರುಣನು ವಕೀಲರ ಒಂದು ನೋಟೀಸಿಗೆ ಹೆದರಿ ಒಳ್ಳೆಯ ಅವಕಾಶವನ್ನು ಬಿಟ್ಟುಕೊಡುವುದುಂಟು. ಶೂನ್ಯವಾದ ಷರತ್ತೂ ಹೀಗೆ ಫಲ ಕೊಡುತ್ತದೆ. ರುಜು ಹಾಕುವ ಮುನ್ನ ಷರತ್ತು ಸೇವಾಕಾಲಕ್ಕೆ ಸೇರಿದುದೋ, ಆ ಮೇಲಣ ಕಾಲಕ್ಕೆ ಸೇರಿದುದೋ, ತೆರಬೇಕಾದ ಮೊತ್ತವೆಷ್ಟು ಎಂಬ ಪ್ರಶ್ನೆಗಳನ್ನು ಅವನು ಕೇಳುವಂತಾದರೆ 27ನೆಯ ಕಲಮಿನ ಉದ್ದೇಶವು ಅಷ್ಟರಮಟ್ಟಿಗೆ ಸಫಲವಾದಂತೆ.