ಅಪ್ಪನ ಪಂಚೆಯೂ ಮಂದಣ್ಣನೂ

ಬಿ.ಕಾಂ. ಎರಡನೇ ವರ್ಷದ ಪರೀಕ್ಷೆಗೆ ಓದುವ ರಾತ್ರಿಗಳಲ್ಲಿ ನಾನು ಹೆಚ್ಚು ಹೊತ್ತು ನೋಡುತ್ತಿದ್ದದ್ದು ಅಕೌಂಟೆನ್ಸಿ ಪುಸ್ತಕವನ್ನಲ್ಲ, ಜಗಲಿಯ ಟ್ಯೂಬ್‌ಲೈಟನ್ನು. ಮಳೆಗಾಲದಲ್ಲಿ ಅದರ ಸುತ್ತ ಎಷ್ಟೊಂದು ಪತಂಗಗಳು! ಒಣ ಎಲೆಯಂಥದ್ದು, ಹಕ್ಕಿ ಹಿಕ್ಕೆಯಂಥದ್ದು, ಮರದ ತೊಗಟೆಯನ್ನೇ ಕತ್ತರಿಸಿ ಅಂಟಿಸಿದಂಥದ್ದು. ‘ಹುಳ ನೋಡ್ಕೊಂಡು ಕೂತ್ರೆ ಸಿ.ಎ. ಆಗ್ತೀಯೇನೆ?’ ಎಂದು ಅಪ್ಪ ಲೈಟ್ ಆರಿಸಿ ಹೋಗುತ್ತಿದ್ದರು.

ಆ ದಿನಗಳಲ್ಲೇ ಕೈಗೆ ಸಿಕ್ಕಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ಓದಿದವರೆಲ್ಲ ಹಾರುವ ಓತಿಯ ಬಗ್ಗೆಯೇ ಹೇಳುತ್ತಾರೆ. ನನ್ನನ್ನು ಹಿಡಿದುಕೊಂಡದ್ದು ಮಾತ್ರ ಮಂದಣ್ಣ. ಜೇನು ಹಿಡಿಯುತ್ತಾ ಕಾಡು ಅಲೆಯುವ ಅವನು ಊರವರ ಕಣ್ಣಿಗೆ ಕೆಲಸಕ್ಕೆ ಬಾರದವ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ಆ ಓತಿಯನ್ನು ಮೊದಲು ಕಂಡವನೂ ಅವನೇ.

ತಮಾಷೆಯೆಂದರೆ ಇದು ಮಂದಣ್ಣನಿಗೇ ಗೊತ್ತಿಲ್ಲ. ಅವನಿಗೆ ಬೇಕಾಗಿರುವುದು ಒಂದು ಪ್ಯೂನ್ ಕೆಲಸ. ಕೆಲಸ ಸಿಕ್ಕರೆ ಮದುವೆ. ಓದುವಾಗ ನಗು ಬಂತು. ಪುಸ್ತಕ ಮುಚ್ಚಿದ ಮೇಲೆ ನಗು ಬರಲಿಲ್ಲ. ನಾನು ಸಿ.ಎ. ಎನ್ನುತ್ತಿದ್ದದ್ದೂ ಇದೇ ಲೆಕ್ಕದಲ್ಲಿ ತಾನೆ?

ಹಾಗಂತ ಮರುದಿನವೇ ಕಾಲೇಜು ಬಿಡಲಿಲ್ಲ. ಬಿಟ್ಟು ಹೋಗುವುದೆಲ್ಲಿಗೆ? ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡವಳಿಗೆ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಬಾಗಿಲು ಯಾವತ್ತೋ ಮುಚ್ಚಿದೆ. ಇದನ್ನು ನೆನೆದು ಒಂದು ರಾತ್ರಿ ಅತ್ತಿದ್ದೂ ಉಂಟು. ಆದರೆ ಕರ್ವಾಲೊ ಮಂದಣ್ಣನ ಮಾರ್ಕ್ಸ್ ಕಾರ್ಡ್ ಕೇಳಿದವರಲ್ಲ!

ಅಪ್ಪನ ಹಳೆಯ ಬಿಳಿ ಪಂಚೆಯನ್ನು ಹಿತ್ತಲಿನಲ್ಲಿ ಕಟ್ಟಿ ಮುಂದೊಂದು ಬಲ್ಬ್ ಹಾಕಿದೆ. ಪತಂಗ ನೋಡುವವರು ಎಲ್ಲೆಡೆ ಮಾಡುವುದೂ ಇದನ್ನೇ. ಬಂದು ಕೂತದ್ದರ ಫೋಟೊ ತೆಗೆದು ಐನ್ಯಾಚುರಲಿಸ್ಟ್‌ಗೆ ಹಾಕಿದೆ. ಎಲ್ಲೆಲ್ಲಿಯವರೋ ಹೆಸರು ಹೇಳಿದರು, ಒಬ್ಬರು ನಾನು ಹಾಕಿದ್ದ ಹೆಸರು ತಪ್ಪೆಂದು ಹುಳದ ಮೀಸೆ ತೋರಿಸಿ ವಿವರಿಸಿದರು. ಡೆಬಿಟ್–ಕ್ರೆಡಿಟ್ ಬರೆಯುತ್ತಿದ್ದ ಲೆಡ್ಜರ್ ಪುಸ್ತಕದ ಹಿಂದಿನಿಂದ ದಿನಾಂಕ, ಸಮಯ, ಮಳೆ ಇತ್ತೇ ಇಲ್ಲವೇ ಎಂದು ಬರೆದಿಡುತ್ತಿದ್ದೇನೆ. ಈವರೆಗೆ 63 ಬಗೆ. ಕಾಲಂ ಹಾಕಿ ಅಚ್ಚುಕಟ್ಟಾಗಿ ಬರೆಯುವುದನ್ನು ಕಲಿಸಿದ್ದು ಅಕೌಂಟೆನ್ಸಿಯೇ, ಅದನ್ನೂ ಒಪ್ಪಿಕೊಳ್ಳಬೇಕು.

ಕೋಚಿಂಗ್ ಫೀಸ್ ಕಟ್ಟುವ ಕೊನೆಯ ದಿನ ಹತ್ತಿರ ಬಂದಿದೆ. ‘ಈ ವರ್ಷ ಬೇಡ ಅಪ್ಪಾ’ ಎಂದು ಹೇಳಿದ್ದೇನೆ. ನಾಲ್ಕು ದಿನ ಮಾತಿರಲಿಲ್ಲ. ಮೊನ್ನೆ ರಾತ್ರಿ ಹಿತ್ತಲಿನಿಂದ ಅವರದೇ ದನಿ: ‘ಏಯ್, ಫೋನ್ ತಗೊಂಡು ಬೇಗ ಬಾರೆ, ನನ್ನ ಪಂಚೆ ಮೇಲೆ ಅಂಗೈ ಅಗಲದ್ದೊಂದು ಕೂತಿದೆ!’

ಫೀಸಿನ ಮಾತನ್ನು ಅಂದು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.