ಗಿಡ್ಡ ನರ್ಗಿಸ್ ಮತ್ತು ನಮ್ಮ ಸುಗಂಧರಾಜ



ಡ್ಯಾಫೊಡಿಲ್ ಎಂಬ ಹಳದಿ ಹೂವು ಇಂಗ್ಲಿಷ್ ಪಠ್ಯಪುಸ್ತಕಗಳ ಮೂಲಕ ನಮಗೆ ಚಿರಪರಿಚಿತ; ಕಣ್ಣಾರೆ ಕಂಡವರು ಮಾತ್ರ ವಿರಳ. ಪಾರಸಿ ಕವಿಗಳ ನರ್ಗಿಸ್ ಇದರ ಕುಲದ್ದೇ. ಮುಂಡರಗಿಯ ಎರೆಭೂಮಿಯಲ್ಲಿ ಇದರ ಗಡ್ಡೆಯನ್ನು ನೆಟ್ಟರೆ ಎಲೆ ಬಂದೀತು, ಹೂ ದುರ್ಲಭ. ಗಡ್ಡೆಯೊಳಗಿನ ಮೊಗ್ಗು ದಂಟೆತ್ತಿ ಮೇಲೇಳಬೇಕಾದರೆ ಮೂರು ನಾಲ್ಕು ತಿಂಗಳ ಕೊರೆಯುವ ಚಳಿ ಬೇಕು. ಕಪ್ಪತಗುಡ್ಡದ ಮಗ್ಗುಲಿನ ಚಳಿಗಾಲ ಅದಕ್ಕೆ ಸಾಲದು.

ಆದರೂ ಇದರ ಗಿಡ್ಡ ಸಂಕರ ತಳಿಗಳ ವೃತ್ತಾಂತವು ಕೇಳತಕ್ಕುದಾಗಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಅಲೆಕ್ ಗ್ರೇ ಎಂಬ ತೋಟಗಾರರಲ್ಲಿ ‘ಸೈಕ್ಲಟಾಜ್’ ಎಂಬ ಗಿಡವಿತ್ತು. ದೂರದ ಎರಡು ಜಾತಿಗಳ ಕೂಸಾದ ಅದು ಬಹುಮಟ್ಟಿಗೆ ಬಂಜೆ. ಒಮ್ಮೆ ಒಂದು ಕಾಯಿ ಕಟ್ಟಿತು. ಒಳಗಿದ್ದವು ಮೂರೇ ಬೀಜ. ಬೇರೊಬ್ಬರಾದರೆ ತೊಟ್ಟಿನೊಡನೆ ಕಿತ್ತೆಸೆಯುತ್ತಿದ್ದರೋ ಏನೋ! ಅವರು ಬಿತ್ತಿದರು. ಬಂದ ಮೂರು ಗಿಡಗಳಿಗೂ ಹೆಸರು ದೊರೆಯಿತು: ಟೇಟ್‌-ಆ-ಟೇಟ್, ಜಂಬ್ಲಿ, ಕ್ವಿನ್ಸ್. ಗೇಣುದ್ದದ ಟೇಟ್‌-ಆ-ಟೇಟ್ ಇಂದು ಜಗತ್ತಿನ ಕುಂಡಗಳಲ್ಲೆಲ್ಲ ಮೆರೆಯುತ್ತಿದೆ. ಅದು ತಾನು ಬೀಜ ಕಟ್ಟದು. ಮರಿಗಡ್ಡೆಗಳಿಂದಲೇ ಅದರ ವಂಶ.

ಈ ವಿದ್ಯೆಗೆ ನಮ್ಮ ನೆಲದಲ್ಲಿ ಒದಗಿದ ಗಡ್ಡೆ ಸುಗಂಧರಾಜ. ಮೆಕ್ಸಿಕೋದಿಂದ ಬಂದು ನಮ್ಮ ಮಾಲೆಗಳನ್ನು ಸೇರಿದ ಹೂವಿದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒಂಟಿ ಸುತ್ತಿನ ಹೂವಿಗೂ ಜೋಡಿ ಸುತ್ತಿನ ಹೂವಿಗೂ ಸಂಕರ ಮಾಡಿ ‘ಶೃಂಗಾರ್’, ‘ಸುವಾಸಿನಿ’ ತಳಿಗಳನ್ನು ಪಡೆದರು. ಶೃಂಗಾರ್ ಅನ್ನು ಮೆಕ್ಸಿಕನ್ ಒಂಟಿ ಸುತ್ತಿನ ತಳಿಯೊಡನೆ ಕೂಡಿಸಿ ‘ಪ್ರಜ್ವಲ್’ ಪಡೆದರು. ಸುವಾಸಿನಿ ನೋಟಕ್ಕೆ ಮಿಗಿಲು, ನಿಜ. ನಾನಾದರೋ ಶೃಂಗಾರಕ್ಕೇ ಮಣಿಯುತ್ತೇನೆ, ಏಕೆಂದರೆ ಬೇರಿನಲ್ಲಿ ಗಂಟೆಬ್ಬಿಸುವ ಜಂತುಹುಳುವಿನ ಕಾಟವನ್ನು ಅದು ಸಹಿಸಿಕೊಳ್ಳಬಲ್ಲದು. ಒಕ್ಕಲಿಗನ ವರ್ಷದ ದುಡಿಮೆಯನ್ನು ನೆಲದಡಿಯಲ್ಲೇ ತಿಂದುಹಾಕುವ ಶತ್ರುವದು.

ಸಂಕರದ ಕ್ರಮ ಕಠಿನವಲ್ಲ. ಸುಗಂಧರಾಜದಲ್ಲಿ ಪರಾಗ ಮೊದಲು ಮಾಗುವುದು, ಶಲಾಕಾಗ್ರ ಒಂದೆರಡು ದಿನ ತಡವಾಗಿ. ಅರಳುವ ಮುನ್ನವೇ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಚಿಮಟಿಯಿಂದ ತೆಗೆದು, ಕಾಗದದ ಚೀಲ ಕಟ್ಟಬೇಕು. ಶಲಾಕಾಗ್ರ ಅಂಟಂಟಾದಾಗ ಆರಿಸಿದ ಗಿಡದ ಪರಾಗವನ್ನು ಸವರಿ, ತಂದೆತಾಯಿಗಳ ಹೆಸರು ಬರೆದ ಚೀಟಿಯನ್ನು ತೊಟ್ಟಿಗೆ ಕಟ್ಟತಕ್ಕದ್ದು. ಒಂದೇ ಕಾಯಿಯ ಬೀಜಗಳಿಂದ ಎದ್ದ ಸಸಿಗಳು ಒಂದರಂತೆ ಒಂದಿರವು. ಆದಕಾರಣ ಪ್ರತಿಯೊಂದರಲ್ಲೂ ಹೂ ನೋಡುವವರೆಗೆ ಯಾವುದನ್ನೂ ಕೀಳಲಾಗದು. ಮೆಚ್ಚಿದ ಗಿಡ ಸಿಕ್ಕಿತೆಂದರೆ ಗಡ್ಡೆ ಬಿಡಿಸಿ ಬೆಳೆಸಿದಷ್ಟೂ ಅದೇ ಗುಣ.

ಆದರೆ ಗಡ್ಡೆಗೆ ಮೆತ್ತಿದ ಮಣ್ಣಿನಲ್ಲಿ ಜಂತುಹುಳುವೂ ಊರೂರು ತಿರುಗುತ್ತದೆ. ಪರವೂರಿನಿಂದ ತಂದ ಗಡ್ಡೆಗಳನ್ನು ಮಣ್ಣು ಹೋಗುವಂತೆ ತೊಳೆದು, ಗಂಟುಗಂಟಾದ ಬೇರುಳ್ಳವನ್ನು ಬೇರ್ಪಡಿಸಿ ಸುಟ್ಟು, ಉಳಿದವನ್ನಷ್ಟೇ ನೆಡಿರಿ.