ಗುಮ್ಮಟದ ಊರು, ದ್ರಾಕ್ಷಿಯ ಸೀಮೆ

ದೇವಸುಗೂರಿನ ಸೇತುವೆಯ ಕೆಳಗೆ ಹರಿಯುವ ಕೃಷ್ಣೆ ಆಲಮಟ್ಟಿ ದಾಟಿ ಬಂದವಳು. ಅವಳು ಬಂದ ದಿಕ್ಕಿಗೇ ಹೊರಟರೆ ವಿಜಯಪುರದ ದ್ರಾಕ್ಷಿ ಸೀಮೆ. ರಾಯಚೂರು ಸೀಮೆಯವರಾದ ನಮಗೆ ಆ ಊರಿನ ನಂಟು ಹಳೆಯದು: 1520ರಲ್ಲಿ ನಮ್ಮ ಕೋಟೆಗಾಗಿ ಕೃಷ್ಣದೇವರಾಯ ಕಾದಿದ್ದು ಅಲ್ಲಿಯ ಇಸ್ಮಾಯಿಲ್ ಆದಿಲ್‌ಶಾಹನೊಡನೆ.

ಮಾರ್ಚ್ ತಿಂಗಳ ಬಿಸಿಲು. ಗೋಳಗುಮ್ಮಟದ ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬಂದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸದ್ದು ಸುತ್ತಿ ಸುತ್ತಿ ಮರಳುತ್ತದೆ. ಕೆಳಗೆ ಮುಹಮ್ಮದ್ ಆದಿಲ್‌ಶಾಹನ ಗೋರಿ. ಅವನು ತೀರಿಕೊಂಡದ್ದು 1656ರಲ್ಲಿ. ಇದನ್ನು ನೋಡಿ ಬಹಳ ಜನ ಬಸ್ ಹತ್ತುತ್ತಾರೆ. ನನ್ನ ಕಣ್ಣಿಗೆ ಇದಕ್ಕಿಂತ ಚೆಲುವು ಇಬ್ರಾಹಿಂ ರೋಜಾ. ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಲ್ಲಿನ ಕಿಟಕಿಗಳಿಂದ ಅಲ್ಲಿ ಬೆಳಕು ಸೋಸಿ ಬರುತ್ತದೆ. ಇನ್ನು ತಾಜ್ ಬಾವಡಿ ಎಂಬ ಹಳೆಯ ಬಾವಿಯ ಮುಂದೆ ನಿಂತರೆ ಈ ಊರಿನ ನಿಜವಾದ ಚಿಂತೆ ಯಾವುದೆಂದು ತಿಳಿಯುತ್ತದೆ: ನೀರು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಆದಿಲ್‌ಶಾಹಿಗಳು ಊರಿಗೆ ನೀರು ತಂದಿದ್ದರು.

ತಿಕೋಟಾ ರಸ್ತೆಯ ತೋಟಗಳಲ್ಲೂ ಅದೇ ಚಿಂತೆ. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ರೈತರಿವರು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆಮೇಲೆ ಗೊನೆ. ರಾಜ್ಯದ 2007ರ ದ್ರಾಕ್ಷಾರಸ ನೀತಿಯ ಕಣ್ಣು ಕೃಷ್ಣಾ ಕಣಿವೆಯ ಮೇಲೂ ಇತ್ತು. ಆದರೆ ಇಲ್ಲಿಯ ದ್ರಾಕ್ಷಿ ಬಾಟಲಿಗಿಂತ ಹೆಚ್ಚಾಗಿ ಸೇರುವುದು ಒಣಗಿಸುವ ಶೆಡ್ಡನ್ನೇ.

ಶೆಡ್ಡಿನೊಳಗೆ ಒಂದರ ಮೇಲೊಂದು ಬಲೆಯ ಹಾಸು. ಡಿಪ್ಪಿಂಗ್ ಆಯಿಲ್, ಪೊಟ್ಯಾಷಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ ತೆಗೆದ ಹಸಿರು ಗೊನೆಗಳನ್ನು ಹೆಣ್ಣುಮಕ್ಕಳು ಬೆರಳಲ್ಲೇ ಬಿಡಿಸಿ ಹರವುತ್ತಾರೆ. ಹುಳಿ-ಸಿಹಿ ವಾಸನೆ ಮೂಗಿಗೆ ಅಡರುತ್ತದೆ. ಎರಡು ವಾರದೊಳಗೆ ಹಸಿರು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸುಮಾರು 4 ಕಿಲೋ ಹಣ್ಣು ಒಣಗಿ 1 ಕಿಲೋ ಆಗುತ್ತದೆ. ಆ ಎರಡು ವಾರ ರೈತನ ಕಣ್ಣು ಆಕಾಶದ ಮೇಲೇ. “ಈಗ ಮಳಿ ಬಂತಂದ್ರ ವರ್ಷದ ದುಡಿಮಿ ಹೋತ್ರಿ” ಎಂದರು ಹಿರಿಯ ಬೆಳೆಗಾರರೊಬ್ಬರು. ಮೋಡ ಕಂಡರೆ ಅವರಿಗೆ ನಿದ್ದೆಯಿಲ್ಲ.

ವಿಜಯಪುರಕ್ಕೆ ಹೋಗುವವರು ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ. ಗುಮ್ಮಟ ನೋಡಿದವರು ತಿಕೋಟಾದ ಒಂದು ಶೆಡ್ಡನ್ನೂ ನೋಡಿ, ಬೆಳೆದವರ ಕೈಯಿಂದಲೇ ಒಣದ್ರಾಕ್ಷಿ ಕೊಳ್ಳಿ.